ಕ್ಷ-ಕಿರಣದ ಕಲಿಕೆಗೆ ಮಗಳನ್ನು ಕಳುಹಬಹುದೇ?

ಹತ್ತನೆಯ ಇಯತ್ತೆಯ ಫಲಿತಾಂಶವು ಪ್ರಕಟವಾದ ವಾರದಲ್ಲಿ ನಮ್ಮ ದುಮ್ಮವಾಡದ ಗೃಹಸ್ಥರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿಯು ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿದ್ದಳು. ಆದರೂ ತಂದೆಯ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಗಿದ್ದಿತು. ಚಾಪೆಯ ಮೇಲೆ ಕುಳಿತು ತುಸು ಹೊತ್ತು ಸುಮ್ಮನಿದ್ದು ಬಳಿಕ, "ಮಾಸ್ತರ್ರ, ಇಕಿ ಹುಬ್ಬಳ್ಳಿ ದೊಡ್ಡ ದವಾಖಾನಿಯೊಳಗ ಎಕ್ಸ್‌ರೇ ತಗಿಯೋದು ಕಲೀತೀನಿ ಅಂತಾಳ್ರಿ. ಆ ಬೆಳಕು ಮೈಗೆ ಬಡದ್ರ ಮುಂದ ಮಕ್ಕಳಾಗೂದಿಲ್ಲ ಅಂತ ಇವರವ್ವ ಒಂದ ಸವನ ಅಳಾಕ ಹತ್ಯಾಳ. ನೀವು ಹೂಂ ಅಂದ್ರ ಕಳಸ್ತೀನಿ, ಬ್ಯಾಡ ಅಂದ್ರ ಬಿಡ್ತೀನಿ," ಎಂದರು.

ಜನ್ಮವೆಲ್ಲ ವ್ಯಾಕರಣವನ್ನು ಕಲಿಸಿದ ನಮಗೆ ಇಂಥ ಪ್ರಶ್ನೆಗೆ ಒಡನೆ ಉತ್ತರ ಹೇಳುವ ಅಧಿಕಾರವೆಲ್ಲಿಯದು? ಎಂಟು ದಿನಗಳ ಅವಕಾಶವನ್ನು ಬೇಡಿಕೊಂಡೆವು. ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದೇ ಸಂಶಯವು ವಾಚಕರಲ್ಲಿ ಕೆಲವರ ಮನೆಗಳಲ್ಲಿಯೂ ಇದ್ದೀತು.

ಮೊದಲು ಹೆಸರಿನ ವಿಚಾರ. ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್ಜನ್ ಎಂಬ ಪಂಡಿತನು 1895ನೆಯ ನವೆಂಬರ 8ರಂದು ಈ ಕಿರಣಗಳನ್ನು ಕಂಡನು. ಅವುಗಳ ಸ್ವರೂಪವು ತಿಳಿಯದ್ದರಿಂದ ಬೀಜಗಣಿತದಲ್ಲಿ ಅವ್ಯಕ್ತ ರಾಶಿಗೆ ಇಡುವ ಅಕ್ಷರವನ್ನೇ ಅವಕ್ಕೆ ಹೆಸರಾಗಿ ಇಟ್ಟನು. ನಮ್ಮವರು ಆ ಅಕ್ಷರಕ್ಕೆ ಪ್ರತಿಯಾಗಿ 'ಕ್ಷ' ಎಂದರು. ಆ ವರುಷದ ಡಿಸೆಂಬರದಲ್ಲಿ ಆತನು ತನ್ನ ಹೆಂಡತಿಯ ಕೈಯ ಚಿತ್ರವನ್ನು ತೆಗೆದಾಗ ಎಲುಬುಗಳೂ ಬೆರಳಿನ ಉಂಗುರವೂ ಮೂಡಿದವು. ಲೋಕವೆಲ್ಲ ಬೆರಗಾಯಿತು. ಆದರೆ ಈ ಬೆರಗಿನಲ್ಲಿ ಅಪಾಯವು ಯಾರಿಗೂ ಹೊಳೆಯಲಿಲ್ಲ. ಅಮೇರಿಕೆಯಲ್ಲಿ ಎಡಿಸನ್ನನ ಸಹಾಯಕನಾದ ಕ್ಲಾರೆನ್ಸ್ ಡ್ಯಾಲಿಯು ಪ್ರಯೋಗಕ್ಕಾಗಿ ತನ್ನ ಕೈಗಳನ್ನೇ ಪದೇ ಪದೇ ಒಡ್ಡಿ, ಹುಣ್ಣುಗಳಾಗಿ, ತೋಳುಗಳನ್ನು ಕತ್ತರಿಸಿಕೊಂಡು, ಕೊನೆಗೆ 1904ರಲ್ಲಿ ಮೃತನಾದನು. ಹ್ಯಾಂಬರ್ಗ್ ನಗರದ ದವಾಖಾನೆಯೊಂದರ ಬಳಿಯಲ್ಲಿ 1936ರಲ್ಲಿ ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಿದಾಗ, ಹೀಗೆ ಮಡಿದವರ 169 ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದರು. ಆದುದರಿಂದ ಆ ತಾಯಿಯ ಅಂಜಿಕೆಯನ್ನು ಮೌಢ್ಯವೆಂದು ನಗುವದು ನಮಗೆ ಸರಿದೋರುವದಿಲ್ಲ.

ಆದರೆ ಆ ಮೃತರು ಅಳತೆಯಿಲ್ಲದ ಕಾಲದವರು. ಸಂಸ್ಕೃತದಲ್ಲಿ 'ಮಾತ್ರಾ' ಎಂದರೆ ಅಳತೆ. ವೈದ್ಯನು ಕೊಡುವ ಮಾತ್ರೆಗೂ ಆ ಹೆಸರು ಅದರಿಂದಲೇ ಬಂದದ್ದು. ಈ ವಿದ್ಯೆಯ ಕಾಲಂಶವು ಯಂತ್ರದ್ದಾದರೆ ಮುಕ್ಕಾಲಂಶವು ಮಾತ್ರೆಯದು. ಈ ಕಿರಣಗಳು ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಮಾತ್ರ ಹುಟ್ಟುತ್ತವೆ. ಬಿಟ್ಟ ಕೂಡಲೆ, ದೀಪವನ್ನು ಆರಿಸಿದಾಗ ಬೆಳಕು ಹೋದಂತೆ, ಇಲ್ಲವಾಗುತ್ತವೆ. ಕೋಣೆಯ ಗೋಡೆಯಲ್ಲಿ ಉಳಿಯುವದಿಲ್ಲ, ಉಟ್ಟ ಸೀರೆಯಲ್ಲಿ ಅಂಟಿ ಮನೆಗೆ ಬರುವದಿಲ್ಲ. ದೂರವು ಇಮ್ಮಡಿಯಾದರೆ ಅವುಗಳ ತೀವ್ರತೆಯು ನಾಲ್ಕರಲ್ಲಿ ಒಂದಂಶಕ್ಕೆ ಇಳಿಯುತ್ತದೆ. ಅದಕ್ಕಾಗಿಯೇ ಚಿತ್ರ ತೆಗೆಯುವವರು ದೂರದಲ್ಲಿ, ಸೀಸದ ಮರೆಯ ಹಿಂದೆ ನಿಲ್ಲುವರು. ಅಡಚಣೆಯ ಸಂದರ್ಭದಲ್ಲಿ ಸೀಸದ ನಿಲುವಂಗಿಯನ್ನು ತೊಡುವರು. ಅವರ ಎದೆಯ ಮೇಲೆ ಒಂದು ಚಿಕ್ಕ ಬಿಲ್ಲೆಯಿರುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸಿ, ತೊಟ್ಟವರಿಗೆ ಎಷ್ಟು ಕಿರಣ ತಗಲಿತೆಂಬದನ್ನು ಲೆಕ್ಕ ಹಾಕುತ್ತಾರೆ.

ಆ ಲೆಕ್ಕಕ್ಕೆ ಮಿಲಿಸೀವರ್ಟ್ ಎಂಬ ಮಾನವಿದೆ. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ನಮ್ಮ ದೇಶದಲ್ಲಿ ಇದರ ಮೇರೆಗಳನ್ನು ಗೊತ್ತುಪಡಿಸಿದೆ: ಕೆಲಸಗಾರರಿಗೆ ಐದು ವರುಷಗಳ ಸರಾಸರಿಯಲ್ಲಿ ವರುಷಕ್ಕೆ 20, ಯಾವ ಒಂದು ವರುಷದಲ್ಲಿಯೂ 30ನ್ನು ಮೀರಕೂಡದು. ಹದಿನಾರು ತುಂಬಿ ಕಲಿಯುತ್ತಿರುವವರಿಗೆ ವರುಷಕ್ಕೆ 6 ಮಾತ್ರ. ಕೆಲಸದಲ್ಲಿರುವ ಸ್ತ್ರೀಯು ಗರ್ಭಿಣಿಯೆಂದು ತಿಳಿಸಿದ ಬಳಿಕ ಹೊಟ್ಟೆಯಲ್ಲಿರುವ ಕೂಸಿಗೆ ಉಳಿದ ತಿಂಗಳುಗಳಲ್ಲೆಲ್ಲ ಸೇರಿ 1ಕ್ಕಿಂತ ಹೆಚ್ಚು ತಗಲದಂತೆ ಕೆಲಸವನ್ನು ಬದಲಿಸಿಕೊಡಬೇಕು. ಈ ಅಂಕಿಗಳು ದೊಡ್ಡವೋ ಸಣ್ಣವೋ ಎಂದು ವಾಚಕರು ಕೇಳಬಹುದು. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಮನುಷ್ಯಮಾತ್ರನಿಗೆ ತಾನಾಗಿ ತಗಲುವದೇ ಲೋಕದ ಸರಾಸರಿಯಲ್ಲಿ ವರುಷಕ್ಕೆ ಸುಮಾರು 2.4. ಎದೆಯ ಒಂದು ಚಿತ್ರದಿಂದ ರೋಗಿಗೆ ತಗಲುವದು 0.1ಕ್ಕಿಂತಲೂ ಕಡಿಮೆ. ಸಿ.ಟಿ. ಯಂತ್ರದ್ದು ಮಾತ್ರ ಬೇರೆ ಮಾತು. ಅದರಲ್ಲಿ ಹೊಟ್ಟೆಯ ಒಂದು ಪರೀಕ್ಷೆಗೆ ಹಲವು ಮಿಲಿಸೀವರ್ಟ್ ಆಗುವದುಂಟು. ನಿಯಮವನ್ನು ಪಾಲಿಸುವವರಿಗೆ ಬಂಜೆತನದ ಭಯಕ್ಕೆ ಆಧಾರವಿಲ್ಲವೆಂದು ನಾವು ಆ ತಾಯಿಗೆ ಹೇಳಿದೆವು. ಬಿಲ್ಲೆಯನ್ನು ಗೂಟಕ್ಕೆ ತೂಗುಹಾಕಿ ಕೆಲಸ ಮಾಡುವವರ ವಿಷಯದಲ್ಲಿ ಹಾಗೆ ಹೇಳಲಾರೆವು.

ಇನ್ನು ಕಲಿಯುವದು ಏನನ್ನು? ಗುಂಡಿ ಒತ್ತುವದನ್ನೆಂದು ಜನರು ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಹಲವು ವರುಷಗಳ ಹಿಂದೆ ನಾವು ಶಾಲೆಯ ಮೆಟ್ಟಿಲಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡೆವು. ಒಂದು ಕಡೆಯಲ್ಲಿ ಒಂದೇ ಒಂದು ಚಿತ್ರವನ್ನು ತೆಗೆದು, ಏನೂ ಆಗಿಲ್ಲವೆಂದು ಎಣ್ಣೆ ಕೊಟ್ಟು ಕಳಿಸಿದರು. ಮೂರು ವಾರ ಕಳೆದರೂ ಬಾವು ಇಳಿಯದಿರಲು ಬೇರೆ ಕಡೆಗೆ ಹೋದೆವು. ಅಲ್ಲಿದ್ದ ಹುಡುಗಿಯೊಬ್ಬಳು ಕೈಯನ್ನು ಅಂಗಾತವಾಗಿ ಇಡಿಸಿ ಒಂದು, ಮಗ್ಗುಲಾಗಿ ತಿರುಗಿಸಿ ಇನ್ನೊಂದು, ಹೀಗೆ ಎರಡು ಚಿತ್ರ ತೆಗೆದಳು. ಎರಡನೆಯದರಲ್ಲಿ ಬಿರುಕು ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಎಲುಬು ಸೊಟ್ಟಾಗಿ ಕೂಡಿಕೊಂಡಿತ್ತು. ಇಂದಿಗೂ ನಮ್ಮ ಬರಹದ ಸಾಲು ಬಲಕ್ಕೆ ಜಾರುತ್ತದೆ. ಈ ಮಾಸಪತ್ರಿಕೆಯ ಅಚ್ಚುಕೂಟದವರು ಅದನ್ನು ಬಲ್ಲರು. ಒಂದೇ ದಿಕ್ಕಿನಿಂದ ನೋಡಿದರೆ ಮುರಿತವು ಮರೆಯಾಗಬಹುದು, ಲಂಬವಾಗಿ ಎರಡು ದಿಕ್ಕುಗಳಿಂದ ನೋಡಬೇಕೆಂಬದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು.

ಎದೆಯ ಚಿತ್ರಕ್ಕೆ ರೋಗಿಯು ಹಲಗೆಗೆ ಎದೆ ತಾಗಿಸಿ, ಗದ್ದವನ್ನೆತ್ತಿ, ಹೆಗಲುಗಳನ್ನು ಮುಂದಕ್ಕೆ ತಂದು, ಉಸಿರನ್ನು ತುಂಬ ಎಳೆದು ಹಿಡಿಯಬೇಕು. ಹೆಗಲು ಮುಂದೆ ಬಾರದಿದ್ದರೆ ಬೆನ್ನಹಲಗೆಯ ಎಲುಬು ಪುಪ್ಪುಸವನ್ನು ಮರೆಮಾಡುತ್ತದೆ. ಯಂತ್ರದ ನಳಿಗೆಯು ಆರು ಅಡಿ ದೂರವಿರಬೇಕು. ಹತ್ತಿರವಾದರೆ ಹೃದಯವು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಡಬಲಗಳ ಗುರುತನ್ನು ಮರೆಯಕೂಡದು. ದಮ್ಮಿನ ಮುದುಕನಿಗೆ ಉಸಿರು ನಿಲ್ಲದು, ಕೂಸು ಒದ್ದಾಡದೆ ಇರದು. ಕೂಸನ್ನು ಮನೆಯವರು ಸೀಸದ ಅಂಗಿ ತೊಟ್ಟು ಹಿಡಿಯಬೇಕೇ ಹೊರತು ಕೆಲಸದವರು ದಿನಾಲು ಹಿಡಿಯತಕ್ಕದ್ದಲ್ಲ. ಪ್ರಾಯದ ಹೆಂಗಸು ಬಂದರೆ ಗರ್ಭದ ವಿಚಾರವನ್ನು ನಾಲ್ವರ ಮುಂದೆ ಕೂಗಿ ಕೇಳದೆ ಮೆಲ್ಲಗೆ ಕೇಳಿ ತಿಳಿದುಕೊಳ್ಳಬೇಕು. ಇದೊಂದಕ್ಕಾಗಿಯಾದರೂ ನಮ್ಮ ಹಳ್ಳಿಗಳಿಗೆ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಬೇಕೆಂದು ನಮಗೆ ತೋರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಮೇರಿ ಕ್ಯೂರಿಯು ಸುಮಾರು 150 ಸ್ತ್ರೀಯರಿಗೆ ಈ ವಿದ್ಯೆಯನ್ನು ಕಲಿಸಿ ಗಾಯಾಳುಗಳ ಸೇವೆಗೆ ಕಳಿಸಿದ್ದಳು.

ಇವೆಲ್ಲವೂ ರೋಗಿಯಿಲ್ಲದ ಶಾಲೆಯಲ್ಲಿ ಬರುವಂಥವಲ್ಲ. ಪೇಟೆಯಲ್ಲಿ ಮಹಡಿಯ ಮೇಲೆ ಎರಡು ಕೋಣೆ ಹಿಡಿದು, ಬಣ್ಣದ ಫಲಕ ತೂಗಿ, ಆರು ತಿಂಗಳಲ್ಲಿ ಪ್ರಮಾಣಪತ್ರ ಕೊಡುವೆವೆನ್ನುವವರೂ ಉಂಟು. 2021ರ ಕೇಂದ್ರದ ಕಾಯಿದೆಯಾದರೋ ಇಂಥ ವೃತ್ತಿಗಳಿಗೆ ಎರಡರಿಂದ ನಾಲ್ಕು ವರುಷಗಳಲ್ಲಿ 2000 ತಾಸುಗಳಿಗೆ ಕಡಿಮೆಯಿಲ್ಲದ ಕಲಿಕೆಯನ್ನು ವಿಧಿಸಿದೆ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ದವಾಖಾನೆಯನ್ನು, ಅಂದರೆ ಜನರು ಕಿಮ್ಸ್ ಎನ್ನುವದನ್ನು, ನೋಡಿಬರಲು ನಾವು ತಂದೆಮಗಳಿಬ್ಬರಿಗೂ ಹೇಳಿದೆವು. ನಮ್ಮ ಸುತ್ತಣ ಜಿಲ್ಲೆಗಳ ರೋಗಿಗಳೆಲ್ಲ ಬಂದು ಸೇರುವ ಸ್ಥಳವದು.

ಒಂದು ಮಾತಿನಲ್ಲಿ ಮಾತ್ರ ತಂದೆಗೂ ನಮಗೂ ಭೇದ ಬಂದಿತು. ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ಪದ್ಧತಿಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದವರಿಗೆ ಮೂರು ವರುಷ, ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಎರಡು ವರುಷದ ಡಿಪ್ಲೊಮಾ. ಒಂದು ವರುಷ ಉಳಿಯುವದೆಂದು ಅವರು ಈಗಲೇ ಸೇರಿಸಲು ಆತುರಪಟ್ಟರು. ಕಿರಿಯ ಮಕ್ಕಳಿಬ್ಬರಿದ್ದಾರೆ, ಮಳೆಯನ್ನು ನಂಬಿದ ಹೊಲ, ಅವರ ಆತುರವು ನಮಗೆ ತಿಳಿಯದ್ದಲ್ಲ. ಆದರೆ ಹುಡುಗಿಗೆ ಹದಿನಾರು ಇನ್ನೂ ತುಂಬಿಲ್ಲ. ಕಿರಣದ ಕೋಣೆಗೆ ಹದಿನೆಂಟರ ಪ್ರಾಯವೇ ಲೇಸು. ಮೇಲಾಗಿ ವಿಜ್ಞಾನ ಓದಿಕೊಂಡರೆ ಬಿ.ಎಸ್ಸಿ. ಪದವಿಯ ದಾರಿಯೂ ತೆರೆದಿರುತ್ತದೆ. ಅವರು ಬಹಳ ಹೊತ್ತು ನೆಲವನ್ನು ನೋಡುತ್ತ ಕುಳಿತು, "ಆತ್ರಿ, ಓದ್ಲಿ," ಎಂದರು.

ಮರುವಾರ ಅವರು ಕಲಘಟಗಿಗೆ ಬಂದು ಹುಬ್ಬಳ್ಳಿಯ ಬಸ್ಸು ಹಿಡಿದು ದವಾಖಾನೆಯನ್ನು ನೋಡಿಬಂದರು. ತಾಯಿಯೂ ಸಂಗಡ ಹೋಗಿದ್ದಳಂತೆ. ಅಲ್ಲಿ ಕೆಲಸದ ಹುಡುಗಿಯರ ಎದೆಯ ಮೇಲಿನ ಬಿಲ್ಲೆಗಳನ್ನು ಎಣಿಸಿಕೊಂಡು ಬಂದಳಂತೆ. ಹುಡುಗಿಯು ಈಗ ವಿಜ್ಞಾನದ ತರಗತಿಯಲ್ಲಿದ್ದಾಳೆ. ಮೊನ್ನೆ ಬಂದು, ದೇಹದಲ್ಲಿ 206 ಎಲುಬುಗಳೆಂದು ತನ್ನ ಪುಸ್ತಕ ಹೇಳುತ್ತದೆ, ನಿಮ್ಮ ಸಂಸ್ಕೃತದ ಪುಸ್ತಕಗಳಲ್ಲಿ ಎಷ್ಟೆಂದು ಕೇಳಿದಳು. ಚರಕನಲ್ಲಿ 360, ಸುಶ್ರುತನಲ್ಲಿ 300, ಹಲ್ಲು ಮೃದ್ವಸ್ಥಿಗಳನ್ನೂ ಅವರು ಸೇರಿಸಿ ಎಣಿಸಿದ್ದಾರೆ ಎಂದೆವು. "ಹಂಗಾದ್ರ ಚಿತ್ರದಾಗ ಮೃದು ಎಲುಬು ಯಾಕ ಕಾಣಂಗಿಲ್ರಿ, ಅಜ್ಜಾರ?" ಎಂದಳು. ಸುಣ್ಣದಂಶವು ಕಡಿಮೆಯಿರುವದರಿಂದ ಕಿರಣವು ಅಡ್ಡಿಯಿಲ್ಲದೆ ಹಾದುಹೋಗುವದೆಂದು ನಾವು ಉತ್ತರ ಹೇಳುವಷ್ಟರಲ್ಲಿ ಆಕೆಯೇ ಅದನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದಳು.