ಲೈಸನ್ಸ್ ಫಾರಮಿನ ಒಂದು ಪ್ರಶ್ನೆ



ನಮ್ಮ ಲೈನಿನ ಹುಡುಗನೊಬ್ಬ ಹೋದ ತಿಂಗಳು ಡ್ರೈವಿಂಗ್ ಲೈಸನ್ಸ್ ಪಡೆದ. ಎಸ್ಟೇಟಿನ ಟ್ರಾಕ್ಟರಿಗೆ ಆಳು ಬೇಕೆಂದು ಮೇಸ್ತ್ರಿ ಹೇಳಿದ್ದರು. ತಾಯಿ ಬೋನಸ್ ಹಣ ತೆಗೆದು ಡ್ರೈವಿಂಗ್ ಸ್ಕೂಲಿಗೆ ಕಟ್ಟಿದ್ದಳು. ಕಾರ್ಡು ಬಂದ ದಿನ ಅದನ್ನು ಮನೆ ಮನೆಗೂ ತೋರಿಸಿದ. ಈಗಿನ ಕಾರ್ಡಿನಲ್ಲಿ ಹೆಸರು, ರಕ್ತದ ಗುಂಪು ಇವುಗಳ ಜೊತೆಗೆ ಅಂಗದಾನಿಯೋ ಅಲ್ಲವೋ ಎಂಬ ಗುರುತೂ ಇರುತ್ತದೆ. ಅವನದರಲ್ಲಿ 'ಅಲ್ಲ' ಎಂದಿತ್ತು. "ಇದು ನಿನ್ನ ಉತ್ತರವೇನಪ್ಪಾ?" ಎಂದು ಕೇಳಿದೆವು. "ಇಲ್ಲ ಉಪದೇಶಿಯವರೇ, ಫಾರಂ ತುಂಬಿದ್ದು ಸ್ಕೂಲಿನವರು. ಅಂಥ ಪ್ರಶ್ನೆ ಇದ್ದದ್ದೇ ನನಗೆ ಗೊತ್ತಿಲ್ಲ" ಎಂದ.

ಅವನು 'ಹೌದು' ಎನ್ನಲೇಬೇಕಿತ್ತೆಂದು ನಾವು ಹೇಳುವುದಿಲ್ಲ. ಚೆಕ್‌ರೋಲಿನಲ್ಲಿ ನಮ್ಮ ಹಾಜರಿಯನ್ನು ಬೇರೆಯವರು ಬರೆದರೆ ಜಗಳಕ್ಕೆ ನಿಲ್ಲುವ ನಾವು, ನಮ್ಮ ದೇಹದ ಬಗ್ಗೆ ಯಾರೋ ಉತ್ತರ ಬರೆದರೆ ಸುಮ್ಮನಿರಬಹುದೇ ಎಂಬುದಷ್ಟೇ ನಮ್ಮ ಪ್ರಶ್ನೆ.

ನಮ್ಮ ಜನರಿಗೆ ಈ ವಿಷಯದಲ್ಲಿ ಅಂಜಿಕೆ ಇರುವುದು ಸುಳ್ಳಲ್ಲ, ಅದಕ್ಕೆ ಕಾರಣವೂ ಉಂಟು. ಚೆನ್ನೈಯ ವಿಲ್ಲಿವಾಕ್ಕಂನಲ್ಲಿ ಸಾಲಕ್ಕೆ ಸಿಕ್ಕ ಬಡವರು ಕಿಡ್ನಿ ಮಾರಿಕೊಂಡು, ಕೊನೆಗೆ ಆ ಜಾಗಕ್ಕೇ 'ಕಿಡ್ನಿವಾಕ್ಕಂ' ಎಂಬ ಅಡ್ಡ ಹೆಸರು ಬಿತ್ತು. 1994ರ ಕಾನೂನು ಈ ವ್ಯಾಪಾರವನ್ನು ಅಪರಾಧವೆಂದು ಸಾರಿತು. 2011ರ ತಿದ್ದುಪಡಿಯ ಪ್ರಕಾರ ಅಂಗ ಮಾರಾಟಕ್ಕೆ 5ರಿಂದ 10 ವರ್ಷ ಸೆರೆ, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಆದ್ದರಿಂದ ಯಾರಾದರೂ ದಲ್ಲಾಳಿ ಲೈನಿಗೆ ಬಂದು ಹಣದ ಮಾತೆತ್ತಿದರೆ ಅದು ದಾನವಲ್ಲ. ಕೂಡಲೇ ಸಂಘಕ್ಕೆ ತಿಳಿಸಿ.

ಇನ್ನೊಂದು ಅಂಜಿಕೆ, "ಅಂಗ ಸಿಗಲೆಂದು ಡಾಕ್ಟರು ನಮ್ಮ ಹುಡುಗನನ್ನು ಉಳಿಸದೆ ಬಿಟ್ಟರೆ?" ಎಂಬುದು. ಘಾಟ್ ರಸ್ತೆಯಲ್ಲಿ ಬೈಕು ಜಾರಿ ತಲೆಗೆ ಪೆಟ್ಟಾದವನನ್ನು ನೆನೆಯಿರಿ. (ಹೆಲ್ಮೆಟ್ ಹಾಕಿರಪ್ಪಾ ಎಂದು ಎಷ್ಟು ಸಲ ಹೇಳುವುದು!) ಮೆದುಳು ಸತ್ತಿದೆ, ಆದರೆ ಯಂತ್ರ ಉಸಿರಾಡಿಸುತ್ತಿದೆ, ಎದೆ ಏರಿಳಿಯುತ್ತದೆ, ಕೈ ಬೆಚ್ಚಗಿದೆ. ಹೆತ್ತವಳಿಗೆ ಅದು ಸಾವೆಂದು ಹೇಗೆ ತೋರಬೇಕು? ಅದಕ್ಕಾಗಿಯೇ ಕಾನೂನು ನಾಲ್ವರು ಡಾಕ್ಟರ ಮಂಡಳಿಯನ್ನು ಇಟ್ಟಿದೆ. ಅವರು ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ಅಂಗ ಕಸಿ ಮಾಡುವ ಡಾಕ್ಟರು ಆ ಮಂಡಳಿಯಲ್ಲಿ ಇರುವಂತಿಲ್ಲ. ಅಂಗಗಳನ್ನು ಕಾಪಾಡುವ, ತೆಗೆಯುವ ಖರ್ಚನ್ನು ದಾನಿಯ ಮನೆಯವರಿಂದ ಕೇಳುವಂತೆಯೂ ಇಲ್ಲ. ಇದನ್ನು ನೆನಪಿಡಿ, ಆಸ್ಪತ್ರೆಯ ವರಾಂಡದಲ್ಲಿ ನಿಂತಾಗ ಬೇಕಾಗುತ್ತದೆ.

ಉಪದೇಶಿಯಾಗಿ ನಮಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆ ಬೇರೆ. "ಕಣ್ಣಿಲ್ಲದೆ ಪುನರುತ್ಥಾನದ ದಿನ ಹೇಗೆ ಏಳುವುದು?" ಎಂದು ಅಜ್ಜಿಯರು ಕೇಳುತ್ತಾರೆ. ನಗುವ ಪ್ರಶ್ನೆಯಲ್ಲ ಅದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲದಲ್ಲಿ ಗುಡ್ಡ ಕುಸಿದು ಪಾಡಿಗಳು ಕೊಚ್ಚಿಹೋದವು. ನಮ್ಮಂಥ ಎಸ್ಟೇಟ್ ಜನರ ದೇಹಗಳು ಚಾಲಿಯಾರ್ ಹೊಳೆಯಲ್ಲಿ ತುಂಡುತುಂಡಾಗಿ ಸಿಕ್ಕವು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಹೆಸರಿಲ್ಲದೆ, ನಂಬರ್ ಬರೆದು ಮಣ್ಣು ಮಾಡಿದರು. ಅವರನ್ನು ದೇವರು ಗುರುತಿಸುವುದಿಲ್ಲವೆಂದು ಯಾವ ಅಜ್ಜಿಯೂ ಹೇಳಲಾರಳು. ಹಾಗಾದರೆ ಕಣ್ಣು ಕೊಟ್ಟು ಹೋದವಳನ್ನು ಮರೆತಾನೇ? ಪೋಪ್ ಎರಡನೇ ಜಾನ್ ಪೌಲರು 2000ದ ಆಗಸ್ಟಿನಲ್ಲಿ ಕಸಿ ವೈದ್ಯರ ಸಮ್ಮೇಳನದಲ್ಲಿ ಅಂಗದಾನವನ್ನು ಪ್ರೀತಿಯ ಕಾರ್ಯವೆಂದೇ ಹೇಳಿದರು. ಕೇರಳದ ಫಾದರ್ ಡೇವಿಸ್ ಚಿರಮೇಲ್ 2009ರಲ್ಲಿ ಬದುಕಿರುವಾಗಲೇ ತಮ್ಮ ಒಂದು ಕಿಡ್ನಿಯನ್ನು ರಕ್ತಸಂಬಂಧವಿಲ್ಲದ ಒಬ್ಬರಿಗೆ ಕೊಟ್ಟರು.

ಬಡವರು ಕೊಟ್ಟದ್ದು ಹಣವಂತರಿಗೇ ಹೋಗುತ್ತದೆ ಎಂಬ ಮಾತಿಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಅಂಗಗಳನ್ನು ಸರದಿ ಪಟ್ಟಿಯ ಪ್ರಕಾರ ಹಂಚುತ್ತಾರೆ, ಸರಿ. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಕಸಿಗೆ ಲಕ್ಷಾಂತರ ರೂಪಾಯಿ ಆಗುವಾಗ ಎಲೆ ಕೊಯ್ಯುವವಳ ಹೆಸರು ಪಟ್ಟಿಗೆ ಸೇರುವುದೇ ಕಷ್ಟ. ಕೋಟ್ಟಯಂ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 2015ರಲ್ಲಿಯೇ ಹೃದಯ ಕಸಿ ನಡೆಯಿತು. ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಕೆಲಸವಲ್ಲ. ಇಂಥವು ಹೆಚ್ಚಲಿ ಎಂದು ಸಂಘ ಕೇಳಬೇಕು. ತಮಿಳುನಾಡು ಸರ್ಕಾರ 2023ರಲ್ಲಿ ದಾನಿಗಳಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಘೋಷಿಸಿತು. ಒಳ್ಳೆಯದೇ. ಆದರೆ ದುಡಿಯುವವನನ್ನು ಕಳೆದುಕೊಂಡ ಮನೆಗೆ ಮಾಲೆಗಿಂತ ಮುಂಚೆ, ದೇಹವನ್ನು ಗುಡ್ಡ ಹತ್ತಿಸಿ ಲೈನಿಗೆ ತಲುಪಿಸುವ ವ್ಯಾನು ಬೇಕು.

ಈಗ ಮುಖ್ಯ ಮಾತು. ಲೈಸನ್ಸಿನಲ್ಲಿ 'ಹೌದು' ಎಂದಿದ್ದರೂ ಅದರಿಂದಲೇ ದಾನ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಆಸ್ಪತ್ರೆಯವರು ಮನೆಯವರನ್ನು ಕೇಳಿಯೇ ಮುಂದುವರಿಯುತ್ತಾರೆ. ಆ ಹೊತ್ತಿನಲ್ಲಿ ಮಗನ ಇಚ್ಛೆ ಏನಿತ್ತೆಂದು ತಾಯಿಗೆ ಗೊತ್ತಿಲ್ಲದಿದ್ದರೆ ಅವಳು 'ಬೇಡ' ಎನ್ನುತ್ತಾಳೆ; ಅವಳನ್ನು ದೂರುವುದು ಹೇಗೆ? ಆದ್ದರಿಂದ ಹುಡುಗರೇ, ಫಾರಂ ತುಂಬುವಾಗ ನೀವೇ ಎದುರು ಕುಳಿತುಕೊಳ್ಳಿ. ಅದಕ್ಕೂ ಮುಂಚೆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಅಪಶಕುನವೆಂದು ಅಮ್ಮ ಗದರಿದರೂ ಹೇಳಿ.

ಲೈಸನ್ಸ್ ಇಲ್ಲದವರೇ ನಮ್ಮಲ್ಲಿ ಹೆಚ್ಚು, ಹೆಂಗಸರಂತೂ ಸರಿಯೇ ಸರಿ. ಅವರಿಗೆ ಕಣ್ಣಿನ ದಾನ ಇದೆ. ಟೀ ಗಿಡ ಕವಾತು ಮಾಡುವಾಗ ಕಡ್ಡಿ ಚುಚ್ಚಿ, ಹುಣ್ಣಾಗಿ, ಕಣ್ಣಿನ ಮುಂಭಾಗದ ಗಾಜಿನಂಥ ಪದರ ಬೆಳ್ಳಗಾದವರು ಎಸ್ಟೇಟುಗಳಲ್ಲಿ ಇದ್ದಾರೆ. ಅಂಥವರಿಗೆ ಬೇಕಾದದ್ದು ಸತ್ತವರ ಆ ಪದರವೇ. ಡಾ. ರಾಜ್‌ಕುಮಾರ್ 2006ರಲ್ಲಿ ಕಣ್ಣು ಕೊಟ್ಟು ಹೋದರು. 2021ರಲ್ಲಿ ಅವರ ಮಗ ಪುನೀತ್ ಕೊಟ್ಟ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಮನೆಯಲ್ಲೇ ತೀರಿಕೊಂಡವರೂ, ಕನ್ನಡಕ ಹಾಕುವ ಮುದುಕರೂ ಕೊಡಬಹುದು. ಆದರೆ 6 ಗಂಟೆಯೊಳಗೆ ಆಗಬೇಕು. ನೇತ್ರ ಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನು ನಿಲ್ಲಿಸಿ. ಎಸ್ಟೇಟ್ ಡಿಸ್ಪೆನ್ಸರಿಯ ಗೋಡೆಯ ಮೇಲೆ ನೇತ್ರ ಬ್ಯಾಂಕಿನ ಫೋನ್ ನಂಬರ್ ಬರೆಸಬೇಕೆಂದು ಮ್ಯಾನೇಜರಿಗೆ ಮನವಿ ಕೊಡಲಿದ್ದೇವೆ, ಸಹಿ ಹಾಕಿ.

ಅಂಗದಾನದ ಪ್ರತಿಜ್ಞೆಗೆ ಕಾನೂನಿನ ಪ್ರಕಾರ ಏಳನೇ ನಮೂನೆಯ ಫಾರಂ ಇದೆ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅದನ್ನು ತಂದಿರುತ್ತೇವೆ. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಹತ್ತಿರದ ಸಂಬಂಧಿಯಾಗಿರಬೇಕು. ಅಮ್ಮನನ್ನೇ ಕರೆದುಕೊಂಡು ಬನ್ನಿ.