ಹಸಿರು ಗುಂಡಿ ಕುಣೀತಾ ಇತ್ತು

ಹೋದ ತಿಂಗಳು ಅಮ್ಮ ಹಿತ್ತಲಲ್ಲಿ ಜಾರಿ ಬಿದ್ದರು. ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಬಿದ್ದ ಜಾಗದಿಂದಲೇ ಅಪ್ಪನಿಗೆ ಮೂರು ಸಲ ಫೋನ್ ಮಾಡಿದ್ದಾರೆ. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿದ್ದರು. ಫೋನು ಕೈಯಲ್ಲೇ ಇತ್ತು, ರಿಂಗೂ ಆಗ್ತಿತ್ತು, ಎತ್ತೋಕೆ ಮಾತ್ರ ಆಗಲಿಲ್ಲ. ಕೊನೆಗೆ ಕೂಗು ಕೇಳಿ ಬಂದವರು ಪಕ್ಕದ ಮನೆಯವರು.

"ಹಸಿರು ಗುಂಡಿ ಒತ್ತಿದೆ ಕಣೋ, ಒತ್ತಿದೆ, ಒತ್ತಿದೆ. ಅದು ಸುಮ್ನೆ ಕುಣೀತಾ ಇತ್ತು" ಅಂದರು ಅಪ್ಪ.

ಆ ಫೋನು ನಾನೇ ಕೊಡಿಸಿದ್ದು. ಅದರಲ್ಲಿ ಕಾಲ್ ಎತ್ತೋಕೆ ಎರಡು ವಿಧಾನ. ಲಾಕ್ ಆಗಿದ್ದಾಗ ಬಂದರೆ ಗುಂಡಿಯನ್ನು ಮೇಲಕ್ಕೆ ಎಳೀಬೇಕು. ಬಳಸ್ತಾ ಇರುವಾಗ ಬಂದರೆ ಮೇಲ್ಗಡೆ ಒಂದು ಪಟ್ಟಿ ಬರುತ್ತೆ, ಅಲ್ಲಿ ಒತ್ತಿದರೆ ಸಾಕು. ಜೇಬಿನಲ್ಲಿದ್ದಾಗ ತಾನಾಗೇ ಒತ್ತಿಹೋಗಬಾರದು ಅಂತ ಈ ಎಳೆಯೋ ಏರ್ಪಾಟು. ಕಾರಣವೇನೋ ಸರಿಯೇ. ಅದನ್ನ ಅಪ್ಪನಿಗೆ ಯಾರೂ ಹೇಳಿರಲಿಲ್ಲ, ನಾನೂ ಸೇರಿದಂತೆ.

ಅವರ ಹಳೇ ಫೋನು ನೋಕಿಯಾ 1100. 2003ರಲ್ಲಿ ಬಂದು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು. ಧೂಳು ಒಳಗೆ ಹೋಗದ ಕೀಪ್ಯಾಡು, ತಲೆಯ ಮೇಲೆ ಟಾರ್ಚು. ರಾತ್ರಿ ಪಂಪ್‌ಸೆಟ್ ಹತ್ತಿರ ಹೋಗೋಕೆ ಅಪ್ಪನಿಗೆ ಅದೇ ಬೆಳಕು. ತಮಾಷೆ ಅಂದ್ರೆ ಅದರಲ್ಲಿ ಹಸಿರು ಗುಂಡಿಯೇ ಇರಲಿಲ್ಲ! ಸ್ಕ್ರೀನಿನ ಕೆಳಗೆ ಒಂದೇ ದೊಡ್ಡ ಗುಂಡಿ. ಈಗ ಒತ್ತಿದರೆ ಏನಾಗುತ್ತೆ ಅನ್ನೋದನ್ನ ಅದರ ಮೇಲೆಯೇ ಸ್ಕ್ರೀನು ಪದದಲ್ಲಿ ಬರೆದು ತೋರಿಸ್ತಿತ್ತು.

"ಮತ್ತೆ ಕೀಪ್ಯಾಡ್ ಫೋನೇ ತಂದುಕೊಡ್ಲಾ?" ಅಂತ ಕೇಳಿದೆ.

"ಬೇಡಪ್ಪ. ಮೊಮ್ಮಗಳ ಮುಖ ನೋಡೋದು ಹೇಗೆ?"

ಸರಿ ಅಂತ ಹಿರಿಯರಿಗಾಗಿಯೇ ಇರೋ ಸರಳ ಮೋಡ್ ಹಾಕಿದೆ. ಇಡೀ ಸ್ಕ್ರೀನಿಗೆ ದಪ್ಪದಪ್ಪ ನಾಲ್ಕೇ ಐಕಾನು. ಎರಡನೇ ದಿನ ಅಪ್ಪ ಮುಖ ಊದಿಸಿಕೊಂಡು, "ನನಗೇನು ಕಣ್ಣು ಕಾಣಲ್ವಾ? ಯೂಟ್ಯೂಬ್ ಎಲ್ಲಿ ಬಚ್ಚಿಟ್ಟೆ?" ಅಂದರು. ತೆಗೆದೆ. ಯೂಟ್ಯೂಬು, ವಾಟ್ಸಾಪು, ಯುಪಿಐ, ಯಾವುದೂ ಅವರಿಗೆ ಭಾರವಾಗಿರಲಿಲ್ಲ. ನಿನ್ನೆ ಇದ್ದದ್ದು ಇವತ್ತು ಇದ್ದಲ್ಲೇ ಇರಲ್ಲ, ಅದೇ ಅವರ ತಕರಾರು.

2019ರಲ್ಲಿ ಆಂಡ್ರಾಯ್ಡ್ 10 ಬಂದಾಗ ಕೆಳಗಿನ ಮೂರು ಬಟನ್ ಬಿಟ್ಟು ಬರೀ ಬೆರಳು ಎಳೆದೇ ಫೋನ್ ನಡೆಸಬಹುದು ಅಂತಾಯ್ತು. ಸ್ಕ್ರೀನು ಎಷ್ಟು ಕ್ಲೀನು ಅಂತ ನನಗೆ ಖುಷಿಯೋ ಖುಷಿ. ಕಣ್ಣಿಗೆ ಕಾಣದ ಬಟನ್ನನ್ನ ಅಪ್ಪ ಹುಡುಕೋದಾದರೂ ಎಲ್ಲಿ? ಮೊನ್ನೆ ಸೆಟ್ಟಿಂಗ್ಸ್ ಒಳಗೆ ಹೊಕ್ಕು ಆ ಮೂರನ್ನೂ ವಾಪಸ್ ತಂದೆ. ಆಮೇಲೆ ನನ್ನ ಫೋನಿಂದ ಇಪ್ಪತ್ತು ಸಲ ಕಾಲ್ ಮಾಡಿ, ಎಳೆಯೋದನ್ನ ಅಭ್ಯಾಸ ಮಾಡಿಸಿದೆ. ಅಮ್ಮ ಕೈಗೆ ಪಟ್ಟಿ ಕಟ್ಟಿಕೊಂಡು ಕೂತು ನಗ್ತಿದ್ರು.

ನನಗೆ ನಗು ಬರಲಿಲ್ಲ. ಹೋದ ವರ್ಷ ನಮ್ಮ ಆ್ಯಪಿನಲ್ಲಿ ಐಕಾನುಗಳ ಕೆಳಗಿನ ಪದಗಳನ್ನು ತೆಗೆಸಿದ್ದು ನಾನೇ. "ಐಕಾನ್ ನೋಡಿದ್ರೆ ಗೊತ್ತಾಗಲ್ವಾ?" ಅಂತ ಮೀಟಿಂಗಿನಲ್ಲಿ ವಾದ ಮಾಡಿ ಗೆದ್ದಿದ್ದೆ. ಸೋಮವಾರ ಆಫೀಸಿಗೆ ಹೋಗಿ ಪದಗಳನ್ನು ವಾಪಸ್ ಹಾಕೋಣ ಅಂದೆ. ಡಿಸೈನರ್ ನನ್ನನ್ನೇ ದುರುಗುಟ್ಟಿ ನೋಡಿದ. ಚರ್ಚೆ ಇನ್ನೂ ಮುಗಿದಿಲ್ಲ.

ನಿನ್ನೆ ರಾತ್ರಿ ಅಪ್ಪನ ಫೋನ್ ಬಂತು. "ಅದೇನೋ ಅಪ್‌ಡೇಟ್ ಅಂತ ಬಂದಿದೆ ಕಣೋ, ಒತ್ಲಾ?"

ಭದ್ರತೆಗೆ ಅಪ್‌ಡೇಟ್ ಬೇಕೇ ಬೇಕು ಅಂತ ಊರಿಗೆಲ್ಲ ಹೇಳೋನು ನಾನು.

"ಒತ್ತಬೇಡಿ ಅಪ್ಪಾ," ಅಂದೆ, "ಶನಿವಾರ ನಾನೇ ಬರ್ತೀನಿ."