ಗುಜರಿಯ ತಕ್ಕಡಿಯಲ್ಲಿ ದೊಡ್ಡಪ್ಪನ ಕತ್ತಿಗಳು

ತಿಕೋಟಾದ ನನ್ನ ದೊಡ್ಡಪ್ಪ ತೀರಿಕೊಂಡು, ದಿನಗಳ ಕಾರ್ಯ ಮುಗಿದ ಮರುದಿನ ಅವರ ಕಬ್ಬಿಣದ ಟ್ರಂಕು ಪಡಸಾಲೆಗೆ ಬಂತು. ಒಳಗೆ ಹಳೇ ಧೋತರದ ತುಂಡುಗಳಲ್ಲಿ ಸುತ್ತಿಟ್ಟ 38 ಅಲಗುಗಳು. ಎರಡು ಜಂಬೆ, ತುದಿ ಮುರಿದ ಒಂದು ಕಟಾರಿ, ಕ್ಷೌರದ ಕತ್ತಿಗಳು, ಚರ್ಮ ಕೊಯ್ಯುವ ರಂಪಿಗೆ, ಅಡಕೊತ್ತು, ಸವೆದು ಅರ್ಧಚಂದ್ರವಾದ ಕುಡಗೋಲು, ದ್ರಾಕ್ಷಿ ಚಾಟನಿಯ ಹಳೇ ಕತ್ತರಿ. ನಲವತ್ತು ವರ್ಷ ಸಂತೆ, ಜಾತ್ರೆ, ಕಂಬಾರಸಾಲೆಗಳನ್ನು ಅಲೆದು ಕೂಡಿಸಿದ್ದು.

ಮಕ್ಕಳ ಹಂಚಿಕೆ ಹತ್ತು ನಿಮಿಷದಲ್ಲಿ ಮುಗಿಯಿತು. "ಚಲೋ ಇದ್ದವನ್ನ ಇಟಗೊಳ್ಳೂಣು, ಉಳದದ್ದು ಗುಜರಿಗೆ ಹಾಕೂಣು." ಚಲೋ ಅಂದರೆ ಉದ್ದವಾದದ್ದು, ಹೊಳೆಯುವಂಥದ್ದು. ಜಂಬೆಗಳು ಮತ್ತು ಕಟಾರಿ ಮನೆಯಲ್ಲಿ ಉಳಿದವು. ಉಳಿದ 35 ಕಿಲೋ ಲೆಕ್ಕದಲ್ಲಿ ಹೋದವು.

ನಾನು ಅಣ್ಣಂದಿರನ್ನು ಬೈಯುವುದಿಲ್ಲ. ಅವರಿಗೆ ಕಂಡದ್ದು ತುಕ್ಕು. ಅದರಾಚೆ ಕಾಣಿಸುವ ಒಂದು ಸಾಲನ್ನೂ ದೊಡ್ಡಪ್ಪ ಬರೆದಿಟ್ಟಿರಲಿಲ್ಲ. ನನ್ನ ತಕರಾರು ಇರುವುದು ಸಂಗ್ರಹಕಾರರ ಮೇಲೆಯೇ. ಸಾವಿನ ಮಾತೆತ್ತಿದರೆ ಅಪಶಕುನ ಎಂದು ಬಾಯಿ ಮುಚ್ಚಿಸುವವರ ಮೇಲೆ. ಜೀವನವಿಡೀ ಜೋಪಾನ ಮಾಡಿದ್ದನ್ನು ತಮ್ಮ ನೆನಪೆಂಬ ಒಂದೇ ದಾರಕ್ಕೆ ಕಟ್ಟಿ, ಆ ದಾರವನ್ನು ತಮ್ಮ ಜೊತೆಗೇ ಮಣ್ಣಿಗೆ ಒಯ್ಯುವವರ ಮೇಲೆ. ಇದನ್ನು ನಾವು ಮರೆವು ಅನ್ನುತ್ತೇವೆ. ನಾನು ಬೇಜವಾಬ್ದಾರಿ ಅನ್ನುತ್ತೇನೆ.

ಬೆಲೆ ಹೆಚ್ಚಿದ್ದರೆ ಕತ್ತಿ ತಾನೇ ಉಳಿಯುತ್ತದೆ ಎಂಬ ನಂಬಿಕೆಯೂ ಪೊಳ್ಳು. ಟಿಪ್ಪುವಿನದೆಂಬ ಖಡ್ಗವೊಂದನ್ನು ಉದ್ಯಮಿ ವಿಜಯ್ ಮಲ್ಯ ಲಂಡನ್ನಿನ ಹರಾಜಿನಲ್ಲಿ ಕೊಂಡು ತಂದಾಗ ನಾಡೇ ಸಂಭ್ರಮಿಸಿತು. 2018ರಲ್ಲಿ ಅಲ್ಲಿಯ ನ್ಯಾಯಾಲಯಕ್ಕೆ ತಿಳಿದದ್ದು, ಅದು ಮನೆಗೆ ಕೇಡು ತಂದಿತೆಂದು ಯಾರಿಗೋ ಕೊಟ್ಟುಬಿಡಲಾಗಿದೆ ಎಂದು. ಟಿಪ್ಪುವಿನ ಮಲಗುವ ಕೋಣೆಯದೆಂಬ ಖಡ್ಗ 2023ರಲ್ಲಿ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೂ ಹೆಚ್ಚಿಗೆ ಮಾರಾಟವಾಯಿತು. ರಾಜನ ಕತ್ತಿಯ ಭವಿಷ್ಯವೂ ಒಡೆಯನ ಮನಸ್ಸಿನ ಮೇಲೆ ನಿಂತಿರುವಾಗ ರಂಪಿಗೆಯ ಪಾಡೇನು?

ವಸ್ತುಸಂಗ್ರಹಾಲಯಕ್ಕೆ ಕೊಡಬಹುದಿತ್ತಲ್ಲ ಅನ್ನುವಿರಿ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ಸಂಗ್ರಹಾಲಯದಲ್ಲಿ ಹಳೆಯ ಆಯುಧಗಳಿವೆ. ದಖ್ಖನಿನ ಪ್ರಾಣಿಮುಖದ ಹಿಡಿಯ ಕಠಾರಿಯೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಬಿಜಾಪುರ ಇಲ್ಲವೇ ಗೋಲ್ಕೊಂಡದ್ದು, 16ನೇ ಶತಮಾನದ್ದು ಎಂದು ಅಲ್ಲಿ ಬರೆದಿದ್ದಾರೆ. ಕೊಂದ ಕತ್ತಿಗೆ ಗಾಜಿನ ಪೆಟ್ಟಿಗೆ ಸಿಗುತ್ತದೆ. ಕ್ಷೌರ ಮಾಡಿದ, ಚಪ್ಪಲಿ ಹೊಲಿದ, ರಾಶಿಯ ಹೊತ್ತಿಗೆ ಆಯ ಪಡೆದು ಕಂಬಾರ ತಟ್ಟಿಕೊಟ್ಟ ಕತ್ತಿಗೆ ಗುಜರಿ. ಇದು ಕಬ್ಬಿಣದ ತಾರತಮ್ಯವಲ್ಲ, ಅದನ್ನು ಹಿಡಿದ ಕೈಗಳ ಜಾತಿಯ ತಾರತಮ್ಯ.

ಕಾನೂನೂ ಅರ್ಧ ದಾರಿಗೇ ನಿಲ್ಲುತ್ತದೆ. 100 ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ ಎನ್ನುತ್ತದೆ 1972ರ ಕಾಯ್ದೆ. ಲಂಡನ್ನಿನ ದಾರಿಗೆ ಕಾವಲಿದೆ. ತಿಕೋಟಾದ ಮನೆಯಿಂದ ಗುಜರಿ ಅಂಗಡಿಯ ದಾರಿಗೆ?

ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ವಿಜಯಪುರದಲ್ಲೇ ಇದೆ. ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಮನೆಮನೆ ತಿರುಗಿ ಕೂಡಿಸಿದರು. ಟ್ರಂಕಿನಲ್ಲಿಟ್ಟು ಕಾಯುತ್ತ ಕೂರಲಿಲ್ಲ. ಓದಿದರು, ಹೋಲಿಸಿದರು, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು, ಮನೆ ಮಾರಿ ಮುದ್ರಣಾಲಯ ಹಾಕಿದರು. 1964ರಲ್ಲಿ ಅವರು ತೀರಿಕೊಂಡಾಗ ಅವರ ಸಂಗ್ರಹ ಆಗಲೇ ಓದುಗರದಾಗಿತ್ತು. ಎಚ್. ಎಲ್. ನಾಗೇಗೌಡರು ಕೂಡಿಸಿದ ಗ್ರಾಮೀಣ ವಸ್ತುಗಳಿಗೆ ಬದುಕಿರುವಾಗಲೇ ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದರು. 2005ರಲ್ಲಿ ಅವರು ಹೋದರು, ಅದು ನಿಂತಿದೆ.

ಎಲ್ಲರೂ ಲೋಕ ಕಟ್ಟಬೇಕಿಲ್ಲ. ಒಂದು ಇನ್ನೂರು ಪುಟದ ನೋಟಬುಕ್ ಸಾಕು. ಪ್ರತಿ ಅಲಗಿಗೂ ಒಂದು ಅಂಕಿ, ಒಂದು ಫೋಟೊ. ಯಾರು ತಟ್ಟಿದರು, ಯಾರು ಹಿಡಿದರು, ಯಾವ ಊರಿನಿಂದ ಬಂತು, ಮುಂದೆ ಯಾರಿಗೆ ಹೋಗಬೇಕು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಅದಕ್ಕಿಂತ ಚೆನ್ನ, ಕೈ ನಡುಗುವ ಮೊದಲೇ ಕೊಟ್ಟುಬಿಡುವುದು. ಎಲ್ಲವೂ ಸಂಗ್ರಹಾಲಯಕ್ಕೇ ಹೋಗಬೇಕೆಂದಿಲ್ಲ. ರಂಪಿಗೆ ಬಳಸಬಲ್ಲವನ ಕೈಗೆ ರಂಪಿಗೆ ಮರಳಲಿ. ಸಮಪಾಲು ಹೊಲಕ್ಕೆ ನ್ಯಾಯ. ಸಂಗ್ರಹಕ್ಕೆ ಅದು ಮರಣದಂಡನೆ.

ಈಗ ನನ್ನ ಪಾಲಿನ ತಪ್ಪು. ಊರಿನ ಕಸುಬುಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವವಳು ನಾನು. ದೊಡ್ಡಪ್ಪನ ಮಾತು ರೆಕಾರ್ಡ್ ಮಾಡಬೇಕೆಂದು ಮೂರು ವರ್ಷ ಅಂದುಕೊಂಡೆ, 'ಈ ಅಧ್ಯಾಯ ಮುಗಿಯಲಿ' ಎಂದು ಮುಂದೂಡಿದೆ. ಆ 38ರಲ್ಲಿ ನನಗೆ ಕಥೆ ಗೊತ್ತಿದ್ದದ್ದು ಎರಡಕ್ಕೆ ಮಾತ್ರ: ಅಪ್ಪನ ಜವಳ ತೆಗೆದ ಕತ್ತಿ, ಅಮ್ಮಜ್ಜಿಯ ಕುಡಗೋಲು. ಆ ಎರಡೂ ಗುಜರಿಗೇ ಹೋದವು. ನಾನು ವಿಜಯಪುರದ ಗ್ರಂಥಾಲಯದಲ್ಲಿ ಕೂತಿದ್ದ ದಿನ.

ಬಬಲೇಶ್ವರದ ಸೋದರಮಾವನ ಹತ್ತಿರವೂ ಇಂಥದೇ ಒಂದು ಪೆಟ್ಟಿಗೆ ಇದೆ. ಹೋದ ಭಾನುವಾರ ನೋಟಬುಕ್ ಹಿಡಿದು ಹೋದೆ. ಮಾವ ಸಿಡಿಮಿಡಿಗೊಂಡರು: "ಏನವಾ, ನಾ ಸಾಯೂದನ್ನ ಕಾಯಾಕತ್ತಿಯೇನು?"

"ನಾ ಅಲ್ಲ ಮಾವಾ, ಗುಜರಿಯಾಂವ ಕಾಯಾಕತ್ತಾನ," ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆಟ್ಟಿಗೆ ಎಳೆದು, ಮೇಲಿದ್ದ ಅಡಕೊತ್ತನ್ನು ನನ್ನ ಕೈಗಿಟ್ಟು, "ಬರಕೋ, ಇದು ಒಂದು," ಅಂದರು.